ಕಬ್ಬಿಗೆ ಬಿಳಿ ಉಣ್ಣೆ ಬಂದ ವರ್ಷ

ಮೊನ್ನೆ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಮುಧೋಳದ ಕಡೆ, ಘಟಪ್ರಭೆಯ ದಂಡೆ. ಎಲ್ಲಿ ನೋಡಿದ್ರೂ ಕಬ್ಬು. ರಜೆ ಅನ್ನೋದು ಹೆಸರಿಗೆ ಮಾತ್ರ. ರಾತ್ರಿ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಆಫೀಸಿನ ಯಾವುದೋ ರಗಳೆ ಸರಿಮಾಡ್ತಾ ಕೂತಿದ್ದೆ. ಪರದೆಯ ಬೆಳಕಿಗೆ ಒಂದು ಹುಳ ಬಂದು ಕೂತಿತು. ತಿಳಿಹಸಿರು ಮೈ, ಬಂಗಾರದ ಬಣ್ಣದ ಕಣ್ಣು, ಮೈಗಿಂತ ಉದ್ದದ ಗಾಜಿನಂಥ ರೆಕ್ಕೆ, ರೆಕ್ಕೆ ತುಂಬ ಸಣ್ಣ ಜಾಲರಿ. ಬೆರಳಿಂದ ಒರೆಸಿ ಹಾಕೋಣ ಅಂತ ಕೈ ಎತ್ತಿದೆ. ಅಪ್ಪ ಪಕ್ಕದಿಂದ ಅಂದ್ರು:

"ಏ, ಹೊಡೀಬ್ಯಾಡೋ ಅದನ್ನ. ಅದರ ಕಾಕಾನ ಮಗ ನಮ್ಮ ಕಬ್ಬ ಉಳಿಸ್ಯಾನ."

ಹುಳಕ್ಕೂ ಕಾಕಾನ ಮಗ! ನಕ್ಕುಬಿಟ್ಟೆ. ಆದ್ರೆ ಅಪ್ಪ ತಮಾಷೆ ಮಾಡ್ತಿರಲಿಲ್ಲ. ಆ ರಾತ್ರಿ ಅವರು ಹೇಳಿದ್ದು, ಬೆಂಗಳೂರಿಗೆ ವಾಪಸ್ ಬಂದಮೇಲೆ ನಾನು ಹುಡುಕಿ ಓದಿದ್ದು, ಎರಡೂ ಸೇರಿ ಈ ಬರಹ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :)

ಕಥೆ ಶುರುವಾಗೋದು 2002ರ ಜುಲೈನಲ್ಲಿ, ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ. ಕಬ್ಬಿನ ಎಲೆಯ ಅಡಿಭಾಗಕ್ಕೆ ಯಾರೋ ಹತ್ತಿ ಅಂಟಿಸಿದ ಹಾಗೆ ಬೆಳ್ಳಗೆ ಕಾಣಿಸಿಕೊಂಡಿತು. ಹತ್ತಿರ ಹೋಗಿ ನೋಡಿದ್ರೆ ಹತ್ತಿ ಅಲ್ಲ, ಮೈತುಂಬ ಮೇಣದ ಎಳೆ ಹೊದ್ದ ಸಾವಿರಾರು ಹೇನು. ಅಲ್ಲಿಯವರು ‘ಲೋಕರಿ ಮಾವಾ’ ಅಂದ್ರು, ನಮ್ಮವರು ‘ಬಿಳಿ ಉಣ್ಣೆ ಹೇನು’ ಅಂದ್ರು. ಸೆಪ್ಟೆಂಬರ್ ಹೊತ್ತಿಗೆ ಕರ್ನಾಟಕದ ಗಡಿ ದಾಟಿತ್ತು. ಹೇನಿಗೇನು ಗಡಿ? ರೆಕ್ಕೆ ಬಂದವು ಗಾಳಿಯಲ್ಲಿ ತೇಲಿ ಬರ್ತವೆ, ಉಳಿದವು ಬಿತ್ತನೆ ಕಬ್ಬಿನ ಜೊತೆ, ದನದ ಮೇವಿಗೆ ಅಂತ ಹೇರಿಕೊಂಡು ಬರೋ ಹಸಿ ವಾಡಿಯ ಜೊತೆ ಬರ್ತವೆ. ಬೆಳಗಾವಿ, ಬಾಗಲಕೋಟೆ, ಬಿಜಾಪುರ ಎಲ್ಲಾ ಕಡೆ ಹಬ್ಬಿ, ಮುಂದೆ ಆಂಧ್ರ, ತಮಿಳುನಾಡಿನ ಕಬ್ಬಿಗೂ ಹತ್ತಿತು. ಅದೇ ವರ್ಷಗಳಲ್ಲಿ ರಾಜ್ಯಕ್ಕೆ ಬರಗಾಲ ಬೇರೆ. ಬಿದ್ದವನ ಮೇಲೆ ಗೋಡೆ ಉರುಳಿದ ಹಾಗೆ.

ಹಾಗಂತ ಈ ಹೇನು ಹೊಸದಲ್ಲ. ಜಾವಾದ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದ ಲಿಯೋ ಝೆಂಟ್ನರ್ ಅನ್ನೋ ಸ್ವಿಸ್ ವಿಜ್ಞಾನಿ 1897ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ಸೆರಟೋವ್ಯಾಕುನಾ ಲ್ಯಾನಿಜೆರಾ. ನಮ್ಮ ದೇಶದಲ್ಲಿ 1958ರಲ್ಲೇ ಪಶ್ಚಿಮ ಬಂಗಾಳದಿಂದ ದಾಖಲಾಗಿತ್ತು, ಈಶಾನ್ಯದ ಕಬ್ಬಿನಲ್ಲಿ ಪರಿಚಿತ ಪೀಡೆ. ಆದ್ರೆ ಕೃಷ್ಣಾ ತೀರಕ್ಕೆ ಇದು ಅಪರಿಚಿತ. ರೈತನಿಗೂ ಗೊತ್ತಿಲ್ಲ, ಔಷಧಿ ಅಂಗಡಿಯವನಿಗೂ ಗೊತ್ತಿಲ್ಲ. ಅಂಗಡಿಯವ ಮಾತ್ರ ಗೊತ್ತಿಲ್ಲ ಅಂತ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಇದರ ಹಾವಳಿ ಅರ್ಥ ಆಗಬೇಕಾದ್ರೆ ಇದು ಹೆಚ್ಚೋ ರೀತಿ ನೋಡಬೇಕು. ನಮ್ಮ ಹೊಲದಲ್ಲಿ ಕಾಣೋವೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲ, ಮೊಟ್ಟೆಯ ತಾಪತ್ರಯವಿಲ್ಲ, ಸೀದಾ ಮರಿ ಹಾಕ್ತವೆ. ಆ ಮರಿ ಬೆಳೆದು ಮತ್ತೆ ಮರಿ. ನಿಲ್ಲಿಸೋ ಷರತ್ತು ಬರೆಯೋಕೆ ಮರೆತ ಲೂಪ್ ಥರ. ರಸ ಹೀರಿ ಹೀರಿ ಹೆಚ್ಚಾದ ಸಿಹಿಯನ್ನ ಅಂಟಾಗಿ ಕೆಳಗೆ ಸುರಿಸ್ತವೆ. ಅದು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತೆ. ಎಲೆಯ ಅಡಿ ಬಿಳಿ, ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು. ಕಬ್ಬಿನ ತೂಕವೂ ಇಳಿಯುತ್ತೆ, ಸಕ್ಕರೆಯ ಇಳುವರಿಯೂ ಇಳಿಯುತ್ತೆ.

ನಾನಾಗ ಒಂದನೇ ಕ್ಲಾಸು. ನೆನಪಿರೋದು ಇಷ್ಟೇ: ಶಾಲೆಗೆ ಹೋಗೋ ಕಾಲುದಾರಿ ಎರಡು ಕಬ್ಬಿನ ಹೊಲದ ನಡುವೆ ಇತ್ತು. ದಾಟಿ ಬಂದ್ರೆ ತಲೆ ತುಂಬ ಬಿಳಿ ಪುಡಿ, ಅಂಗಿಯೆಲ್ಲ ಅಂಟಂಟು. "ಮುದುಕ್ರಾಗಿ ಬಂದ್ವು ನೋಡು" ಅಂತ ಅವ್ವ ನಗ್ತಿದ್ಲು. ಅಪ್ಪ ನಗ್ತಿರಲಿಲ್ಲ.

ಮನೆಯಲ್ಲಿ ಆಗ ಎರಡು ಪಾರ್ಟಿ. ಕಾಕಾನದು ಎಣ್ಣಿ ಪಾರ್ಟಿ. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ.) ಆಳೆತ್ತರ ದಾಟಿ ನಿಂತ ಕಬ್ಬಿನೊಳಗೆ, ಗರಗಸದಂಥ ಎಲೆ ಮೈ ಕೊಯ್ತಿದ್ರೂ, ಬೆನ್ನಿಗೆ ಪಂಪು ಕಟ್ಟಿಕೊಂಡು ಆಳುಗಳು ನುಗ್ಗಬೇಕು. ಹೇನು ಕೂರೋದು ಎಲೆಯ ಅಡಿಯಲ್ಲಿ, ಮೈಮೇಲೆ ಮೇಣದ ಕಂಬಳಿ. ಎಣ್ಣಿ ಬೀಳೋದು ಎಲೆಯ ಮೇಲೆ, ಮತ್ತು ಹೊಡೆಯೋವನ ಮೈಮೇಲೆ. ಕಾಕಾ ಮೂರು ಸಲ ಹೊಡೆಸಿದರು. ಪ್ರತಿ ಸಲ ಎರಡು ಮೂರು ವಾರ ಸ್ವಚ್ಛ, ಆಮೇಲೆ ಮತ್ತೆ ಬೆಳ್ಳಗೆ. ಅಂಗಡಿಯಲ್ಲಿ ಉದ್ರಿ ಮಾತ್ರ ಬೆಳೀತಾ ಹೋಯ್ತು.

ಅಜ್ಜನದು ಬೇಡ ಅನ್ನೋ ಪಾರ್ಟಿ. ಎತ್ತು ಎಮ್ಮೆ ತಿನ್ನೋ ವಾಡಿಗೆ ವಿಷ ಹಾಕಬ್ಯಾಡ್ರಿ ಅಂತ ಹಟ ಹಿಡಿದು ಕೂತರು. ಅಪ್ಪ ಅಜ್ಜನ ಮಾತು ಕೇಳಿದರು. ತಾವು ಆಗಲೇ ತಿಳುವಳಿಕೆಯಿಂದ ಹಾಗೆ ಮಾಡಿದ್ದು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಈ ದೀಪಾವಳಿಗೆ ನಿಜ ಹೊರಗೆ ಬಂತು. ಕಾರಖಾನೆಯಿಂದ ಹಿಂದಿನ ವರ್ಷದ ಬಾಕಿ ಬಂದಿರಲಿಲ್ಲ, ಎಣ್ಣಿಗೆ ರೊಕ್ಕ ಇರಲಿಲ್ಲ!

ಆ ಹಂಗಾಮು ನಮ್ಮ ಕಬ್ಬೂ ಸೊರಗಿತು, ಸುಳ್ಳು ಯಾಕೆ ಹೇಳಲಿ. ಆದ್ರೆ ಬಿಳಿ ಎಲೆಗಳ ನಡುವೆ ಕಂದು ಬಣ್ಣದ ಸಣ್ಣ ಹುಳಗಳು ಓಡಾಡೋದನ್ನ ಅಪ್ಪ ಗಮನಿಸಿದ್ರು. ಜೋಳದ ಕಾಳಿಗಿಂತ ತುಸು ಉದ್ದ, ಮನೆಯ ಮಾಡಿನ ಹಾಗೆ ರೆಕ್ಕೆ ಮಡಿಚಿಕೊಂಡದ್ದು. ಅವುಗಳ ಜೊತೆ ಎರಡೂ ತುದಿ ಚೂಪಾದ, ಕದಿರಿನಂಥ ಮೈಯ ಮರಿಗಳು. ಇದೂ ಒಂದು ಹೊಸ ಪೀಡೆ ಅಂತಲೇ ತಿಳಿದಿದ್ದರಂತೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ನಡೆಸಿದ ಒಂದು ತರಬೇತಿಗೆ ಹೋದಾಗಲೇ ಗೊತ್ತಾಗಿದ್ದು, ಅದು ಹೇನನ್ನ ತಿನ್ನೋ ಹುಳ ಅಂತ.

ಅದೇ ಮೈಕ್ರೋಮಸ್ ಇಗೊರೋಟಸ್. ಲೇಸ್‌ವಿಂಗ್ ಜಾತಿ, ಅದರಲ್ಲೂ ಕಂದು ಲೇಸ್‌ವಿಂಗ್. ನನ್ನ ಪರದೆಯ ಮೇಲೆ ಕೂತದ್ದು ಹಸಿರು ಲೇಸ್‌ವಿಂಗ್. ಎರಡೂ ಬೇರೆ ಬೇರೆ ಕುಟುಂಬ, ಗುಂಪು ಒಂದೇ. ಅಂದ್ರೆ ಅಪ್ಪನ ‘ಕಾಕಾನ ಮಗ’ ವೈಜ್ಞಾನಿಕವಾಗಿಯೂ ಸರಿ! ಮರಳಿನಲ್ಲಿ ಲಾಳಿಕೆಯಂಥ ಗುಂಡಿ ತೋಡಿ ಇರುವೆಗೆ ಹೊಂಚು ಹಾಕುತ್ತಲ್ಲ, ಚಿಕ್ಕವರಿದ್ದಾಗ ಕಡ್ಡಿ ಹಾಕಿ ಕೆಣಕ್ತಿದ್ವಲ್ಲ, ಅದೂ ಇವರ ಬಳಗವೇ.

ಈ ಬಳಗದ ಮರಿಗಳ ಬಾಯಿ ವಿಚಿತ್ರ. ಕುಡುಗೋಲಿನಂಥ ಎರಡು ಕೊಂಡಿ, ಒಳಗೆ ಪೊಳ್ಳು. ಹೇನಿಗೆ ಚುಚ್ಚಿ ಎಳನೀರಿನ ಹಾಗೆ ಹೀರಿಬಿಡ್ತವೆ. ಇನ್ನೂ ವಿಚಿತ್ರ ಅಂದ್ರೆ ಹೊಟ್ಟೆ ಹಿಂದುಗಡೆಗೆ ತೆರೆದೇ ಇಲ್ಲ. ಮರಿಯಾಗಿದ್ದಾಗ ತಿಂದದ್ದರ ಕಸವನ್ನೆಲ್ಲ ಇಟ್ಟುಕೊಂಡು, ರೆಕ್ಕೆ ಬಂದಮೇಲೇ ಹೊರಗೆ ಹಾಕೋದು. ಹಸಿರಿನದು ಕೂದಲಿನಂಥ ದಂಟಿನ ತುದಿಯಲ್ಲಿ ಮೊಟ್ಟೆ ಇಡುತ್ತೆ, ಕಂದಿನದಕ್ಕೆ ದಂಟಿಲ್ಲ. ಇನ್ನೊಂದು ವ್ಯತ್ಯಾಸ ರೈತನಿಗೆ ಮುಖ್ಯ. ನಮ್ಮಲ್ಲಿ ಹೆಚ್ಚಾಗಿ ಕಾಣೋ ಹಸಿರು ಲೇಸ್‌ವಿಂಗ್ ದೊಡ್ಡದಾದ ಮೇಲೆ ಪರಾಗ, ಅಂಟುಸಿಹಿ ತಿಂದು ಸಾತ್ವಿಕವಾಗಿ ಬದುಕುತ್ತೆ. ಮೈಕ್ರೋಮಸ್ ಹಾಗಲ್ಲ, ಮರಿಯೂ ಹೇನು ತಿನ್ನುತ್ತೆ, ದೊಡ್ಡದೂ ಹೇನು ತಿನ್ನುತ್ತೆ.

ಹಸಿರಿನದಕ್ಕೆ ನಮ್ಮ ದೇಶದಲ್ಲಿ ಮೊದಲಿನಿಂದಲೂ ಮರ್ಯಾದೆ. ಅಕ್ಕಿ ಪತಂಗದ ಮೊಟ್ಟೆ ತಿನ್ನಿಸಿ ಪ್ರಯೋಗಾಲಯಗಳಲ್ಲಿ ಸಾಕಿ ರೈತರಿಗೆ ಕೊಡ್ತಾ ಬಂದಿದ್ದರು. ಡಬ್ಬಿಯ ಮೇಲೆ ‘ಕ್ರೈಸೋಪರ್ಲಾ ಕಾರ್ನಿಯಾ’ ಅಂತ ಹೆಸರು. ಆಮೇಲೆ ಗೊತ್ತಾಯ್ತು, ಯುರೋಪಿನ ಆ ಹೆಸರು ನಮ್ಮ ಹುಳಕ್ಕೆ ಸಲ್ಲದು ಅಂತ. ನೋಡೋಕೆ ಒಂದೇ ಥರ ಇರೋ ಈ ಹುಳಗಳು ಹೊಟ್ಟೆ ನಡುಗಿಸಿ ಎಲೆಯ ಮೂಲಕ ಸಂಗಾತಿಗೆ ‘ಹಾಡು’ ಕಳಿಸ್ತವೆ. ಆ ಹಾಡಿನ ಧಾಟಿ ಬೇರೆ ಆದ್ರೆ ಜಾತಿಯೇ ಬೇರೆ. ನಮ್ಮದು ಈಗ ಕ್ರೈಸೋಪರ್ಲಾ ಝಾಸ್ಟ್ರೋವಿ ಸಿಲ್ಲೆಮಿ. ಈ ಕೆಲಸಗಳಿಗೆ ಇರೋ ಕೇಂದ್ರದ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. 1993ರಲ್ಲಿ ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯ ಅಂತ ಶುರುವಾಗಿ, 2009ರಲ್ಲಿ, 2014ರಲ್ಲಿ ಮತ್ತೆ ಹೆಸರು ಬದಲಿಸಿಕೊಂಡಿದೆ. ನಾನು ದಿನಾ ಆ ಕಡೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಲ್ತೀನಿ. ಒಂದು ದಿನವೂ ಗೊತ್ತಿರಲಿಲ್ಲ.

ಆದ್ರೆ ಉಣ್ಣೆ ಹೇನು ಬಂದಾಗ ಹೊಲದಲ್ಲಿ ಹೆಚ್ಚು ಕೆಲಸ ಮಾಡಿದ್ದು ಡಬ್ಬಿಯ ಹುಳ ಅಲ್ಲ. ಡೈಫಾ ಅನ್ನೋ ಪತಂಗದ ಮರಿ ಮತ್ತು ಈ ಮೈಕ್ರೋಮಸ್. ಡೈಫಾದ ಮರಿ ಹೇನಿನ ಹಿಂಡಿನ ನಡುವೆಯೇ ರೇಷ್ಮೆಯ ಬಲೆ ನೇಯ್ದು, ಅದರಡಿ ಕೂತು ಉಣ್ಣುತ್ತೆ. ಇವೆರಡನ್ನೂ ಮೊದಲು ಯಾರೂ ತಂದು ಬಿಟ್ಟದ್ದಲ್ಲ. ಹೇನು ಹೆಚ್ಚಾದ ಕಡೆ ತಾವೇ ಕಾಣಿಸಿಕೊಂಡವು. ವಿಜ್ಞಾನಿಗಳು ಮಾಡಿದ ದೊಡ್ಡ ಕೆಲಸ ಅದನ್ನ ಗುರುತಿಸಿದ್ದು, ಎಣಿಸಿದ್ದು, ಮತ್ತು ಹೊಲದಲ್ಲೇ ನೆರಳುಬಲೆ ಕಟ್ಟಿ, ಹೇನು ಹತ್ತಿದ ಕಬ್ಬಿನ ಮೇಲೆಯೇ ಸಾಕಿ, ಇಲ್ಲದ ಕಡೆಗೆ ಹಂಚಿದ್ದು. ಹೆಕ್ಟೇರಿಗೆ ಡೈಫಾ 1000 ಅಥವಾ ಮೈಕ್ರೋಮಸ್ 2500 ಬಿಡಿ ಅಂತ ಶಿಫಾರಸು ಬಂತು. ಮುಂದೆ ಎನ್ಕಾರ್ಸಿಯಾ ಅನ್ನೋ ಪುಟ್ಟ ಕಣಜವನ್ನ ಈಶಾನ್ಯ ರಾಜ್ಯಗಳಿಂದ ತಂದು ಬಿಟ್ಟರು, ಅದೂ ಇಲ್ಲಿ ನೆಲೆಯಾಯ್ತು. ಬೇಸಿಗೆಯ ಬಿಸಿಲೂ ಹೇನಿಗೆ ಆಗಿಬರೋದಿಲ್ಲ. ಎಲ್ಲಾ ಸೇರಿ ಕೆಲವೇ ವರ್ಷದಲ್ಲಿ ಹಾವಳಿ ಇಳಿಯಿತು.

ಈಗ ಕಾಕಾನ ಹೊಲಕ್ಕೆ ಬನ್ನಿ. ಮೂರು ಸಲ ಎಣ್ಣಿ ಬಿದ್ದಾಗ ಸತ್ತದ್ದು ಹೇನು ಮಾತ್ರ ಅಲ್ಲ. ಎಲೆ ಮೇಲೆ ಬಯಲಲ್ಲಿ ಓಡಾಡೋ ಮೈಕ್ರೋಮಸ್ ಮೊದಲು ಸತ್ತಿತು. ಮೇಣದ ಕಂಬಳಿಯಡಿ ಉಳಿದ ನಾಲ್ಕು ಹೇನು ಮತ್ತೆ ಮರಿ ಹಾಕಿದವು, ತಿನ್ನೋವರು ಯಾರೂ ಇರಲಿಲ್ಲ. ನಮ್ಮ ಹೊಲದಲ್ಲಿ ತಿನ್ನೋವರು ಉಳಿದಿದ್ದರು. ಮರು ವರ್ಷ ಕೂಳೆ ಕಬ್ಬು ತಕ್ಕಮಟ್ಟಿಗೆ ಚೇತರಿಸಿಕೊಂಡಿತು, ಕಾಕಾನದು ತಡವಾಯಿತು. ಅಪ್ಪನೇ ಒಂದು ದಿನ ಹುಳ ಇದ್ದ ಎಲೆಗಳನ್ನ ಕೊಯ್ದು ಬುಟ್ಟಿಯಲ್ಲಿ ಒಯ್ದು ಕಾಕಾನ ಹೊಲದಲ್ಲಿ ಸಿಕ್ಕಿಸಿ ಬಂದರಂತೆ. ಹೇನು ಹತ್ತಿದ ಎಲೆ ನನ್ನ ಹೊಲಕ್ಕೆ ತಂದು ಇಡ್ತಾನೆ ಅಂತ ಕಾಕಾ ಜಗಳಕ್ಕೆ ಬಂದು, ತಿಂಗಳುಗಟ್ಟಲೆ ಅಣ್ಣತಮ್ಮಂದಿರಲ್ಲಿ ಮಾತಿರಲಿಲ್ಲ! ಅಂಗಡಿಯ ಉದ್ರಿ ತೀರಿಸೋಕೆ ಕಾಕಾ ಆ ವರ್ಷ ಒಂದು ಜೋಡಿ ಎತ್ತು ಮಾರಿದರು. ಅಜ್ಜ ಸಾಯೋತನಕ ಆ ಎತ್ತಿನ ಹೆಸರು ಹೇಳ್ತಿದ್ದರು.

ನನಗೆ ಕಾಡೋದು ಇದು. ಹೇನು ಎಷ್ಟು ಎಕರೆಗೆ ಹತ್ತಿತು, ಎಷ್ಟು ಔಷಧಿ ಹಂಚಿದರು ಅನ್ನೋದು ಲೆಕ್ಕಕ್ಕೆ ಸಿಗುತ್ತೆ. ರೊಕ್ಕ ಇಲ್ಲದೆಯೋ, ಹಟಕ್ಕೋ ಎಣ್ಣಿ ಹೊಡೆಯದೆ ಬಿಟ್ಟ ಹೊಲಗಳು, ಅಲ್ಲಿ ಉಳಿದುಕೊಂಡು ಸುತ್ತಲಿನ ಹೊಲಕ್ಕೆ ಹರಡಿದ ಹುಳಗಳು ಯಾವ ಲೆಕ್ಕದಲ್ಲಿ ಬರ್ತವೆ? ಆಗ ಅಜ್ಜನನ್ನ ಊರವರು ಹಳೇ ಕಾಲದವ ಅಂತ ಆಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ಎಲೆ ತಿರುವಿ ತಿರುವಿ ನೋಡಿ ಕೈಯೆಲ್ಲ ಗೀರಾಯ್ತು. ಎರಡು ತಾಸಿಗೆ ಒಂದೆಲೆಯ ಅಡಿ ಬೆರಳುದ್ದ ಬಿಳಿ ಉಣ್ಣೆ ಸಿಕ್ಕಿತು. ಅದರ ಅಂಚಿನಲ್ಲಿ ಒಂದು ಕದಿರಿನಂಥ ಮರಿ, ಒಂದೇ ಒಂದು. "ಊಟ ಇದ್ದಷ್ಟ ಮಂದಿ ಬರ್ತಾರ," ಅಂದ್ರು ಅಪ್ಪ. ಮೊಬೈಲಿನಲ್ಲಿ ಫೋಟೋ ತೆಗೆದೆ, ಕೈ ನಡುಗಿ ಮಸುಕಾಗಿದೆ, ಅದಕ್ಕೇ ಇಲ್ಲಿ ಹಾಕಿಲ್ಲ. ಎಲೆಯನ್ನ ಹಾಗೇ ಬಿಟ್ಟು ಬಂದ್ವಿ.

ಈ ಹುಳಕ್ಕೆ ನಮ್ಮ ಊರಲ್ಲಿ ಹೆಸರಿಲ್ಲ, ‘ಹೇನ ತಿನ್ನೋದು’ ಅಂತಾರೆ ಅಷ್ಟೇ. ನಿಮ್ಮಲ್ಲಿ ಕಬ್ಬಿನ ಕಡೆಯವರು ಇದ್ರೆ, ಬೇರೆ ಹೆಸರು ಏನಾದ್ರೂ ಕೇಳಿದ್ರೆ ಬರೆದು ತಿಳಿಸಿ.