ಕಾರಿನ ಸೆಂಟ್ರಲ್ ಲಾಕ್: ನೂರು ವರ್ಷದ ಕಥೆ, ಒಂದು ಮುರಿದ ತಂತಿ

ವಿಡಿಯೋ ನೋಡೋಕೆ ಟೈಮ್ ಇಲ್ಲ ಅನ್ನೋರಿಗಾಗಿ ಎಂದಿನಂತೆ ಮಾತಿನ ಬರಹ ರೂಪ ಇಲ್ಲಿದೆ. ಇವತ್ತಿನ ವಿಷಯ ಕಾರಿನ ಸೆಂಟ್ರಲ್ ಲಾಕಿಂಗ್. ‘ಇದರಲ್ಲಿ ಇತಿಹಾಸ ಏನಪ್ಪಾ ಇದೆ’ ಅಂತ ನೀವು ಕೇಳಬಹುದು. ಹೋದ ಮೇ ತಿಂಗಳವರೆಗೆ ನಾನೂ ಹಾಗೇ ಅಂದ್ಕೊಂಡಿದ್ದೆ.

ಪುಣೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ವಾಕಡ್‌ನಲ್ಲಿ ರಸ್ತೆ ಬದಿ ಎಳನೀರಿನ ಗಾಡಿ ಕಂಡು ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿ, ಕೀ ಅಲ್ಲೇ ಬಿಟ್ಟು ಇಳಿದೆ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು ನಿದ್ದೆ ಮಾಡ್ತಿದ್ದಳು. ಎರಡು ಹೆಜ್ಜೆ ದೂರ ಅಷ್ಟೇ. ಬಾಗಿಲು ಹಾಕಿದ ಕೂಡಲೇ ‘ಟಕ್’ ಅಂತು. ನಾಲ್ಕೂ ಬಾಗಿಲು ಲಾಕ್. ಗಾಜು ಪೂರ್ತಿ ಮೇಲೆ. ಇನ್ನೊಂದು ಕೀ ಮನೆಯಲ್ಲಿ.

ಗಾಜು ಬಡಿದು ಎಬ್ಬಿಸಿದೆ. ಎದ್ದವಳು ಅಳೋಕೆ ಶುರು ಮಾಡಿದಳು. ಬಾಗಿಲಿನ ಅಂಚಿನ ಗುಬುಟು ತೋರಿಸಿ ‘ಮೇಲೆ ಎಳಿ ಪುಟ್ಟಾ’ ಅಂತ ಕೂಗಿದೆ. ಎಳೆದಳು, ನಾನು ಹಿಡಿ ಹಿಡಿಯುವಷ್ಟರಲ್ಲಿ ಮತ್ತೆ ಟಕ್. ಎರಡನೇ ಸಲವೂ ಅದೇ. ಎಳನೀರಿನವರು ಮಚ್ಚಿನ ಹಿಡಿಯಿಂದ ಗಾಜು ಒಡೆಯೋಕೆ ರೆಡಿಯಾಗಿ ನಿಂತಿದ್ದರು. ಮೂರನೇ ಸಲ ಮೊದಲೇ ಹಿಡಿ ಎಳೆದು ಹಿಡಿದಿದ್ದೆ. ಗುಬುಟು ಮೇಲೆ ಬಂತು, ಬಾಗಿಲು ತೆರೆಯಿತು. ಎಲ್ಲಾ ಸೇರಿ ಐದು ನಿಮಿಷ ಇರಬಹುದು. ಅವಳ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಆ ರಾತ್ರಿ ಕೂತು ಓದಿದ್ದೇ ಈ ಕಥೆ.

ಬಾಗಿಲ ಬೀಗಕ್ಕೆ ವಿದ್ಯುತ್ ಜೋಡಿಸಿದ್ದು ಬಹಳ ಹಿಂದೆ. 1914ರಲ್ಲಿ ಅಮೆರಿಕದ ಸ್ಕ್ರಿಪ್ಸ್-ಬೂತ್ ಅನ್ನೋ ಐಷಾರಾಮಿ ಕಾರಿನಲ್ಲೇ ಅದು ಇತ್ತು. ಆಮೇಲೆ ಎಲ್ಲರೂ ಮರೆತೇಬಿಟ್ಟರು. 1956ರಲ್ಲಿ ಪ್ಯಾಕಾರ್ಡ್ ಕಂಪನಿ ಮತ್ತೆ ತಂದಿತು. ಮರ್ಸಿಡಿಸ್ ಹಲವು ವರ್ಷ ವಿದ್ಯುತ್ ಮೋಟಾರಿಗಿಂತ ಗಾಳಿಯನ್ನೇ ನಂಬಿತ್ತು. ಸಣ್ಣ ಕೊಳವೆಗಳಲ್ಲಿ ನಿರ್ವಾತ ಉಂಟುಮಾಡಿ ಬೀಗ ಎಳೆಯುವ ವ್ಯವಸ್ಥೆ ಅದು. 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿಗೆ ಕೈಯಲ್ಲಿ ಹಿಡಿಯುವ ರಿಮೋಟ್ ಬಂತು.

ರಿಮೋಟ್ ಬಂದ ಮೇಲೆ ಹೊಸ ತಲೆನೋವು. ಪ್ರತಿ ಸಲ ಅದೇ ಕೋಡ್ ಕಳಿಸಿದರೆ ಕಳ್ಳ ರೆಕಾರ್ಡ್ ಮಾಡಿ ಮತ್ತೆ ಪ್ಲೇ ಮಾಡ್ತಾನೆ. ಅದಕ್ಕೆ ಪ್ರತಿ ಒತ್ತಿಗೂ ಬದಲಾಗುವ ರೋಲಿಂಗ್ ಕೋಡ್ ಬಂತು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕೀಲಾಕ್ ತಂತ್ರವನ್ನು 1995ರಲ್ಲಿ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. 2007-08ರ ಹೊತ್ತಿಗೆ ಸಂಶೋಧಕರು ಅದನ್ನೂ ಒಡೆದು ತೋರಿಸಿದರು. ಸೆಕ್ಯುರಿಟಿ ಟೀಮಿನಲ್ಲಿರೋರಿಗೆ ಈ ಓಟ ಹೊಸದೇನಲ್ಲ.

ಈಗ ಒಂದು ವಿಷಯ ಗಮನಿಸಿ. ಇಷ್ಟೂ ವರ್ಷದ ಬುದ್ಧಿ ಖರ್ಚಾಗಿದ್ದು ಬಹುಪಾಲು ಒಂದೇ ಪ್ರಶ್ನೆಗೆ: ಹೊರಗಿನವನು ಒಳಗೆ ಬರದಂತೆ ಹೇಗೆ? ಒಳಗಿರುವವರು ಹೊರಗೆ ಬರೋದು ಹೇಗೆ ಅನ್ನೋ ಪ್ರಶ್ನೆ ಹಿಂದೆಯೇ ಉಳಿಯಿತು.

ನಮ್ಮ ದೇಶಕ್ಕೆ ಬರೋಣ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಬಾಗಿಲಿಗೊಂದು ಗುಬುಟು, ಒಂದೊಂದನ್ನೂ ಕೈಯಲ್ಲೇ ಒತ್ತಬೇಕು. 1998ರಲ್ಲಿ ನಮ್ಮ ಪಿಂಪ್ರಿಯಿಂದ ಟಾಟಾ ಇಂಡಿಕಾ ಹೊರಬಂತು. ಆಮೇಲಿನ ವರ್ಷಗಳಲ್ಲಿ ಬೇಸ್ ಮಾಡೆಲ್ ಕೊಂಡು, ಸೀಟ್ ಕವರ್ ಜೊತೆಗೇ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಕಿಟ್ ಹಾಕಿಸೋದು ರೂಢಿಯಾಯ್ತು. ನನ್ನ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್‌ನಲ್ಲಿ ಇರೋದೂ ಅಂಥದ್ದೇ ಕಿಟ್.

ಮೆಕ್ಯಾನಿಕ್ ಒಬ್ಬರು ನೋಡಿದವರೇ ‘ಪೂರ್ಣ ಕಿಟ್ ಬದಲಾವ ಲಾಗೇಲ್’ ಅಂದರು. ನಾನು ಒಂದು ಭಾನುವಾರ ಕೇಳಿಕೊಂಡೆ. ಸ್ಕ್ರೂಡ್ರೈವರ್ ಹಿಡಿಯೋ ಮೊದಲು ಲಾಗ್ ಓದೋ ಹಾಗೆ ಯೋಚಿಸಿದೆ. ನಾಲ್ಕೂ ಬಾಗಿಲು ಒಟ್ಟಿಗೇ ಲಾಕ್ ಆಗ್ತಿವೆ ಅಂದರೆ ಫ್ಯೂಸ್ ಸರಿ ಇದೆ, ಮೋಟಾರುಗಳೂ ಸರಿ ಇವೆ. ತಪ್ಪಿರೋದು ಆದೇಶ. ರಿಮೋಟ್ ಬ್ಯಾಟರಿ ತೆಗೆದಿಟ್ಟೆ, ಟಕ್ ಟಕ್ ನಿಲ್ಲಲಿಲ್ಲ. ಹಾಗಾದರೆ ಆದೇಶ ರಿಮೋಟಿನದಲ್ಲ.

ಇಂಥ ಕಿಟ್‌ಗಳಲ್ಲಿ ಡ್ರೈವರ್ ಬಾಗಿಲಿನ ಮೋಟಾರಿಗೆ ಸಾಮಾನ್ಯವಾಗಿ ಐದು ತಂತಿ, ಉಳಿದ ಮೂರಕ್ಕೆ ಎರಡೆರಡು. ಎರಡು ತಂತಿ ಮೋಟಾರ್ ತಿರುಗಿಸೋಕೆ. ಪ್ಲಸ್ ಮೈನಸ್ ಅದಲು ಬದಲಾದರೆ ಲಾಕ್ ಹೋಗಿ ಅನ್‌ಲಾಕ್. ಹೆಚ್ಚುವರಿ ಮೂರು ತಂತಿ ಒಳಗಿನ ಸಣ್ಣ ಸ್ವಿಚ್‌ನದು. ಡ್ರೈವರ್ ಗುಬುಟು ಒತ್ತಿದ ಸುದ್ದಿಯನ್ನು ಕಂಟ್ರೋಲ್ ಬಾಕ್ಸಿಗೆ ಮುಟ್ಟಿಸೋದು ಅದೇ. ಆ ಬಾಗಿಲಿನ ಕನೆಕ್ಟರ್ ಕಳಚಿದೆ, ಸದ್ದು ನಿಂತಿತು. ಕಳ್ಳ ಸಿಕ್ಕಿದ.

ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ, ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇರುತ್ತಲ್ವಾ, ತಂತಿಗಳು ಅದರೊಳಗೆ ಹಾಯ್ತವೆ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದರೆ ಹತ್ತು ವರ್ಷಕ್ಕೆ 36,500 ಸಲ ಅವು ಬಾಗಿ ನೇರವಾಗ್ತವೆ. ರಬ್ಬರ್ ಹಿಂದಕ್ಕೆ ಸರಿಸಿದೆ. ಕಂದು ತಂತಿ ಹೊರಗಿನಿಂದ ಚೆನ್ನಾಗೇ ಇತ್ತು. ಮಲ್ಟಿಮೀಟರ್ ಹಿಡಿದು ಬಗ್ಗಿಸಿದರೆ ಬೀಪ್ ಬಂದು ಬಂದು ಹೋಗ್ತಿತ್ತು. ಒಳಗೆ ತಾಮ್ರ ತುಂಡಾಗಿ, ತುದಿಗಳು ತಾಗಿ ಬಿಟ್ಟು ಆಡ್ತಿದ್ದವು. ಪ್ರತಿ ಸಲ ತಾಗಿದಾಗಲೂ ಕಂಟ್ರೋಲ್ ಬಾಕ್ಸ್ ‘ಡ್ರೈವರ್ ಲಾಕ್ ಒತ್ತಿದ’ ಅಂತ ನಂಬುತ್ತಿತ್ತು. ನಾನು ಬಾಗಿಲು ಹಾಕಿದ ಅದುರಿಗೇ ಅವತ್ತು ಲಾಕ್ ಆಗಿದ್ದು.

ಕಾರಿನ ಬ್ಯಾಟರಿಯ ಮೈನಸ್ ಕಳಚಿ, ಹಳೇ ತುಂಡು ಕತ್ತರಿಸಿ, ಸಣ್ಣ ಎಳೆಗಳ ಮೆತ್ತನೆ ತಂತಿ ಹಾಕಿದೆ. ಬೆಸುಗೆ ಬಾಗುವ ಜಾಗದಲ್ಲಿ ಬೀಳದ ಹಾಗೆ ಉದ್ದ ಬಿಟ್ಟೆ. ಪಕ್ಕದ ತಂತಿಯೂ ಬಿರುಕು ಬಿಟ್ಟಿತ್ತು. ಎರಡರ ಬೆಸುಗೆ ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಮಾಡಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಸಾಮಾನಿನ ಖರ್ಚು ನೂರು ರೂಪಾಯಿ ದಾಟಲಿಲ್ಲ.

ಆದರೆ ಮಗಳನ್ನು ಹೊರಗೆ ತಂದಿದ್ದು ನನ್ನ ಬೆಸುಗೆ ಅಲ್ಲ. ಆ ಗುಬುಟು, ಅದರ ಕೆಳಗಿನ ಕಬ್ಬಿಣದ ಕಡ್ಡಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದ್ದರೂ ಗುಬುಟು ಎತ್ತಿದರೆ ಹೊರಗಿನ ಹಿಡಿ ಕೆಲಸ ಮಾಡುತ್ತೆ.

2005ರ ಜುಲೈ 26 ನೆನಪಿದೆಯಾ? ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರಲ್ಲಿ ನಿಂತ ಕಾರುಗಳ ಬಾಗಿಲು, ಗಾಜು ತೆರೆಯಲಾಗದೆ ಒಳಗೇ ಜನ ಸತ್ತ ಸುದ್ದಿಗಳು ಬಂದಿದ್ದವು. ಅದಾದ 14 ವರ್ಷಕ್ಕೆ, 2019ರ ಜುಲೈ 1ರಿಂದ, ಹೊಸ ಕಾರುಗಳಿಗೆ ಎಐಎಸ್-145 ಜಾರಿಯಾಯ್ತು. ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ರಿವರ್ಸ್ ಸೆನ್ಸರ್ ಜೊತೆಗೆ ಇನ್ನೊಂದು ಸಾಲು: ಸೆಂಟ್ರಲ್ ಲಾಕ್ ಮೀರಿ ಕೈಯಿಂದ ತೆರೆಯುವ ದಾರಿ ಇರಲೇಬೇಕು. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು ಅನ್ನೋ ನಿಯಮಕ್ಕೂ ಅದೇ ದಿನಾಂಕ. ಈ ಎಐಎಸ್ ಮಾನದಂಡಗಳ ಸಮಿತಿಯ ಕಚೇರಿ ಕೆಲಸ ನಡೆಯೋದು ಎಲ್ಲಿ ಗೊತ್ತಾ? ನಮ್ಮ ಕೋಥ್ರುಡ್ ಪಕ್ಕದ ವೇತಾಳ ಗುಡ್ಡದ ಎಆರ್‌ಎಐನಲ್ಲಿ. ಎಷ್ಟೋ ಸಲ ಪೌಡ್ ರಸ್ತೆಯಲ್ಲಿ ಆ ಕಡೆ ನೋಡದೇ ಹೋಗಿದ್ದೀನಿ.

1914ರಿಂದ 2019ಕ್ಕೆ 105 ವರ್ಷ. ಒಳಗಿರುವವರ ಪರವಾಗಿ ಆ ಒಂದು ಸಾಲು ನಮ್ಮಲ್ಲಿ ನಿಯಮವಾಗೋಕೆ ಅಷ್ಟು ಕಾಲ ಬೇಕಾಯ್ತು.

ಆ ನಿಯಮ ಬಂದ ಮರು ತಿಂಗಳೇ ಕೊಲ್ಹಾಪುರದ ಬಳಿ ಪಂಚಗಂಗೆ ಉಕ್ಕಿ ನಮ್ಮ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಸೆಪ್ಟೆಂಬರ್ 25ರ ರಾತ್ರಿ ಪುಣೆಯೊಳಗೇ ಅಂಬಿಲ್ ಓಢಾ ಹಳ್ಳ ಉಕ್ಕಿ ಜನ, ವಾಹನ ಕೊಚ್ಚಿಹೋದವು. ಹಬ್ಬಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ನಿಪ್ಪಾಣಿ ದಾಟಿ ಊರಿಗೆ ಹೋಗೋರು ನಾವು.

ಅದಕ್ಕೇ ಒಂದು ಕೋರಿಕೆ. ಇವತ್ತು ಪಾರ್ಕಿಂಗಿಗೆ ಇಳಿದಾಗ ಕಾರಿನೊಳಗೆ ಕೂತು, ಲಾಕ್ ಮಾಡಿ, ಯಾವ ಬಟನ್ನೂ ಒತ್ತದೆ ಕೈಯಿಂದ ನಾಲ್ಕೂ ಬಾಗಿಲು ತೆಗೆದು ನೋಡಿ. ಆಮೇಲೆ ಮಕ್ಕಳ ಕೈಲಿ ಮಾಡಿಸಿ. ನನ್ನ ಮಗಳಿಗೆ ಈಗ ಅದೊಂದು ಆಟ. ಕಾರು ಹತ್ತಿದ ಕೂಡಲೇ ಗುಬುಟು ಎತ್ತಿ ತೋರಿಸ್ತಾಳೆ. ಕೀ ಮಾತ್ರ ಈಗ ನನ್ನ ಜೇಬಲ್ಲೇ ಇರುತ್ತೆ. ಸಿಗೋಣ.