ಕಪ್ ನೂಡಲ್ಸ್

ಕಪ್ ನೂಡಲ್ಸ್ ಎಂಬುದು ಮೊದಲೇ ಬೇಯಿಸಿ ಒಣಗಿಸಿದ ನೂಡಲ್ಸ್, ಮಸಾಲೆ ಪುಡಿ ಹಾಗೂ ಒಣಗಿಸಿದ ತರಕಾರಿ ಅಥವಾ ಮಾಂಸದ ಚೂರುಗಳನ್ನು ಲೋಟದ ಆಕಾರದ ಪಾತ್ರೆಯಲ್ಲಿ ತುಂಬಿ ಮುಚ್ಚಿದ ಸಿದ್ಧ ಆಹಾರ. ಇದರ ಮುಚ್ಚಳವನ್ನು ಅರ್ಧ ತೆರೆದು, ಒಳಗಿನ ಗುರುತಿನವರೆಗೆ ಕುದಿಯುವ ನೀರನ್ನು ಸುರಿದು, ಮೂರರಿಂದ ಐದು ನಿಮಿಷ ಮುಚ್ಚಿಟ್ಟರೆ ತಿನ್ನಲು ಸಿದ್ಧವಾಗುತ್ತದೆ. ಪೊಟ್ಟಣದ ಇನ್‌ಸ್ಟಂಟ್ ನೂಡಲ್ಸ್‌ಗೆ ಒಲೆ, ಪಾತ್ರೆ ಮತ್ತು ತಟ್ಟೆ ಬೇಕು. ಕಪ್ ನೂಡಲ್ಸ್‌ನಲ್ಲಿ ಪಾತ್ರೆ ಮತ್ತು ತಟ್ಟೆ ಎರಡರ ಕೆಲಸವನ್ನೂ ಕಪ್ ಒಂದೇ ಮಾಡುತ್ತದೆ. ಇದು 1971ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಇಂದು ವಿದ್ಯಾರ್ಥಿನಿಲಯ, ಕಚೇರಿ, ರೈಲು ಮತ್ತು ವಿಮಾನಗಳಲ್ಲಿ ಲಘು ಉಪಾಹಾರವಾಗಿ ಬಳಕೆಯಲ್ಲಿದೆ.

ಇತಿಹಾಸ

ತೈವಾನಿನಲ್ಲಿ ಜನಿಸಿ ಜಪಾನಿನಲ್ಲಿ ನೆಲೆಸಿದ ಉದ್ಯಮಿ ಮೊಮೊಫುಕು ಆಂಡೊ (1910–2007) ಅವರು 1958ರ ಆಗಸ್ಟ್ 25ರಂದು 'ಚಿಕನ್ ರಾಮೆನ್' ಎಂಬ ಇನ್‌ಸ್ಟಂಟ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. ಇದಕ್ಕಾಗಿ ಅವರು ಒಸಾಕಾ ಪ್ರಾಂತ್ಯದ ಇಕೆಡಾದಲ್ಲಿದ್ದ ತಮ್ಮ ಮನೆಯ ಹಿತ್ತಲಿನ ಗುಡಿಸಲಿನಲ್ಲಿ ಪ್ರಯೋಗಗಳನ್ನು ನಡೆಸಿದ್ದರು. ಅವರ ಸಂಸ್ಥೆಯೇ ಮುಂದೆ ನಿಸ್ಸಿನ್ ಫುಡ್ಸ್ ಎಂದು ಹೆಸರಾಯಿತು.

1966ರಲ್ಲಿ ಆಂಡೊ ಅಮೆರಿಕಕ್ಕೆ ತೆರಳಿದಾಗ, ಅಲ್ಲಿನ ಸೂಪರ್‌ಮಾರ್ಕೆಟ್ ಪ್ರತಿನಿಧಿಗಳಿಗೆ ಚಿಕನ್ ರಾಮೆನ್ ರುಚಿ ನೋಡಲು ಸೂಕ್ತವಾದ ಬಟ್ಟಲುಗಳು ಸಿಗಲಿಲ್ಲ. ಅವರು ನೂಡಲ್ಸನ್ನು ಮುರಿದು ಕಾಗದದ ಲೋಟಕ್ಕೆ ಹಾಕಿ, ಬಿಸಿನೀರು ಸುರಿದು, ಫೋರ್ಕಿನಿಂದ ತಿಂದರು. ಬಟ್ಟಲು ಮತ್ತು ಕಡ್ಡಿಗಳ ರೂಢಿಯಿಲ್ಲದ ನಾಡುಗಳಿಗೆ ನೂಡಲ್ಸನ್ನು ಒಯ್ಯುವ ಬಗೆ ಇದರಿಂದ ಅವರಿಗೆ ಹೊಳೆಯಿತು. ಮರಳುವ ವಿಮಾನದಲ್ಲಿ ದೊರೆತ ಮಕಡೇಮಿಯಾ ಬೀಜಗಳ ಡಬ್ಬಿಯ ಅಲ್ಯೂಮಿನಿಯಂ ಹಾಳೆಯ ಮುಚ್ಚಳವು ಕಪ್‌ನ ಮುಚ್ಚಳಕ್ಕೆ ಮಾದರಿಯಾಯಿತು.

'ಕಪ್ ನೂಡಲ್' ಎಂಬ ಹೆಸರಿನ ಉತ್ಪನ್ನವು 1971ರ ಸೆಪ್ಟೆಂಬರ್ 18ರಂದು 100 ಯೆನ್ ಬೆಲೆಗೆ ಬಿಡುಗಡೆಯಾಯಿತು. ಪೊಟ್ಟಣದ ನೂಡಲ್ಸ್‌ಗೆ ಹೋಲಿಸಿದರೆ ಈ ಬೆಲೆ ಹೆಚ್ಚಾಗಿದ್ದುದರಿಂದ ಅಂಗಡಿಗಳು ಆರಂಭದಲ್ಲಿ ಹಿಂಜರಿದವು. ಆದ್ದರಿಂದ ಟೋಕಿಯೊದ ಗಿಂಜಾ ಬೀದಿಯಲ್ಲಿ ಪಾದಚಾರಿಗಳಿಗೆ ನೇರವಾಗಿ ಮಾರುವ ಹಾಗೂ ಬಿಸಿನೀರನ್ನೂ ಒದಗಿಸುವ ಮಾರಾಟಯಂತ್ರಗಳನ್ನು ಅಳವಡಿಸುವ ಕ್ರಮಗಳನ್ನು ಸಂಸ್ಥೆ ಕೈಗೊಂಡಿತು. 1972ರ ಫೆಬ್ರವರಿಯಲ್ಲಿ ನಾಗಾನೊ ಪ್ರಾಂತ್ಯದ ಅಸಾಮಾ ಸಾನ್ಸೊ ವಸತಿಗೃಹದಲ್ಲಿ ಉಗ್ರರು ಒತ್ತೆಯಾಳನ್ನಿರಿಸಿಕೊಂಡಾಗ, ಮುತ್ತಿಗೆ ಹಾಕಿದ ಪೊಲೀಸರ ಬುತ್ತಿಗಳು ಕೊರೆಯುವ ಚಳಿಗೆ ಗಟ್ಟಿಯಾದವು. ಅವರು ಹಬೆಯಾಡುವ ಕಪ್ ನೂಡಲ್ ತಿನ್ನುತ್ತಿದ್ದ ದೃಶ್ಯವು ದೂರದರ್ಶನದಲ್ಲಿ ದೇಶಾದ್ಯಂತ ಪ್ರಸಾರವಾಗಿ, ಬೇಡಿಕೆ ಏಕಾಏಕಿ ಏರಿತು.

ಅಮೆರಿಕದಲ್ಲಿ 1973ರಲ್ಲಿ ಇದರ ಮಾರಾಟ ಆರಂಭವಾಯಿತು. ಬ್ರಿಟನ್ನಿನಲ್ಲಿ 1977ರಲ್ಲಿ ಗೋಲ್ಡನ್ ವಂಡರ್ ಸಂಸ್ಥೆಯು 'ಪಾಟ್ ನೂಡಲ್' ಎಂಬ ಪ್ರತ್ಯೇಕ ಉತ್ಪನ್ನವನ್ನು ತಂದಿತು. 2005ರಲ್ಲಿ ಜಪಾನಿನ ಗಗನಯಾತ್ರಿ ಸೊಯಿಚಿ ನೊಗುಚಿ ಅವರು ಡಿಸ್ಕವರಿ ನೌಕೆಯಲ್ಲಿ, ಗಟ್ಟಿ ಸಾರಿನೊಂದಿಗೆ ವಿಶೇಷವಾಗಿ ಸಿದ್ಧಪಡಿಸಿದ ಇನ್‌ಸ್ಟಂಟ್ ನೂಡಲ್ಸನ್ನು ಒಯ್ದರು.

ತಯಾರಿಕೆ ಮತ್ತು ರಚನೆ

ಮೈದಾ, ನೀರು, ಉಪ್ಪು ಹಾಗೂ ಅಲ್ಪ ಪ್ರಮಾಣದ ಕ್ಷಾರೀಯ ಲವಣಗಳನ್ನು ನಾದಿ, ಹಾಳೆಯಾಗಿ ಒತ್ತಿ, ಎಳೆಗಳಾಗಿ ಕತ್ತರಿಸಲಾಗುತ್ತದೆ. ಎಳೆಗಳನ್ನು ಹಬೆಯಲ್ಲಿ ಬೇಯಿಸಿದಾಗ ಹಿಟ್ಟಿನ ಪಿಷ್ಟವು ನೀರು ಹೀರಿ ಉಬ್ಬುತ್ತದೆ. ಬಳಿಕ ಸುಮಾರು 140–160 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯಲಾಗುತ್ತದೆ. ನೀರಿನಂಶವು ಹಬೆಯಾಗಿ ಹೊರಬಿದ್ದ ಜಾಗಗಳಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಈ ರಂಧ್ರಗಳ ಮೂಲಕ ಒಳನುಗ್ಗುವುದರಿಂದಲೇ ನೂಡಲ್ಸ್ ಕೆಲವೇ ನಿಮಿಷಗಳಲ್ಲಿ ಮೃದುವಾಗುತ್ತದೆ. ಕೆಲವು ತಯಾರಕರು ಕರಿಯುವ ಬದಲು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದರಿಂದ ಕೊಬ್ಬಿನಂಶ ತಗ್ಗುತ್ತದೆ, ಆದರೆ ಒಣಗಲು ಹೆಚ್ಚು ಕಾಲ ಬೇಕು.

ನಿಸ್ಸಿನ್ ವಿನ್ಯಾಸದಲ್ಲಿ ನೂಡಲ್ಸ್ ಗಟ್ಟಿಯು ಕಪ್‌ನ ತಳವನ್ನು ಮುಟ್ಟದೆ ನಡುವೆ ಸಿಕ್ಕಿಕೊಂಡಂತೆ ನಿಲ್ಲುತ್ತದೆ. ಅದರ ಮೇಲ್ಭಾಗ ಒತ್ತಾಗಿಯೂ ಕೆಳಭಾಗ ಸಡಿಲವಾಗಿಯೂ ಇರುತ್ತದೆ. ಇದರಿಂದ ಸಾಗಣೆಯ ವೇಳೆ ಗಟ್ಟಿಯು ಅಲುಗಾಡಿ ಮುರಿಯುವುದಿಲ್ಲ. ತಳದಲ್ಲಿ ನಿಂತ ಬಿಸಿನೀರು ಮೇಲಕ್ಕೇರಿ ಎಲ್ಲೆಡೆ ಸಮನಾಗಿ ಬೇಯಿಸುತ್ತದೆ. ಗಟ್ಟಿಯನ್ನು ಮೇಲಿನಿಂದ ಇಳಿಸಿದರೆ ವಾಲುತ್ತಿದ್ದುದರಿಂದ, ಅದರ ಮೇಲೆ ಕಪ್ಪನ್ನೇ ಬೋರಲಾಗಿ ಹೊದಿಸಿ ನಂತರ ತಿರುಗಿಸುವ ಕ್ರಮವನ್ನು ಅಳವಡಿಸಲಾಯಿತು. ಮೊದಲ ಕಪ್‌ಗಳು ಥರ್ಮೋಕೋಲ್‌ನವು. ಜಪಾನಿನಲ್ಲಿ ನಿಸ್ಸಿನ್ 2008ರಲ್ಲಿ ಕಾಗದ ಆಧಾರಿತ ಕಪ್‌ಗೆ ಬದಲಾಯಿತು.

ಭಾರತದಲ್ಲಿ

ನಿಸ್ಸಿನ್‌ನ ಭಾರತೀಯ ಅಂಗಸಂಸ್ಥೆಯಾದ ಇಂಡೋ ನಿಸ್ಸಿನ್ 1988ರಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಬೆಂಗಳೂರು. ಜಪಾನಿನ ಮೂಲ ಉತ್ಪನ್ನದಲ್ಲಿ ಸೀಗಡಿ, ಮಾಂಸ ಮತ್ತು ಮೊಟ್ಟೆ ಇದ್ದರೆ, ಭಾರತದಲ್ಲಿ ಸಸ್ಯಾಹಾರಿ ಮಸಾಲೆ ರುಚಿಗಳೂ ಹಸಿರು ಚುಕ್ಕೆಯ ಗುರುತಿನೊಂದಿಗೆ ದೊರೆಯುತ್ತವೆ. ಇಲ್ಲಿನ ಸಾಮಾನ್ಯ ಕಪ್‌ನ ತೂಕ ಸುಮಾರು 70 ಗ್ರಾಂ. ಇದೇ ಬಗೆಯಲ್ಲಿ ಬಿಸಿನೀರು ಸುರಿದು ತಿನ್ನಬಹುದಾದ ಉಪ್ಪಿಟ್ಟು ಮತ್ತು ಅವಲಕ್ಕಿಯ ಕಪ್‌ಗಳೂ ಮಾರುಕಟ್ಟೆಯಲ್ಲಿವೆ.

ಬಳಕೆ ಮತ್ತು ಎತ್ತರದ ಪ್ರಭಾವ

ಕಪ್ ನೂಡಲ್ಸ್ ಚೆನ್ನಾಗಿ ಬೇಯುವುದು ನೀರಿನ ಬಿಸಿಯನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಆಸುಪಾಸಿನಲ್ಲಿ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಆದ್ದರಿಂದ ಎತ್ತರದ ಸ್ಥಳಗಳಲ್ಲಿ ಹೆಚ್ಚು ಹೊತ್ತು ಮುಚ್ಚಿಡಬೇಕಾಗುತ್ತದೆ. ಉಗುರುಬೆಚ್ಚಗಿನ ನೀರು ಸುರಿದರೆ ಎಳೆಗಳ ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಕಪ್ ನೂಡಲ್ಸ್‌ನಲ್ಲಿ ಮೈದಾ, ಎಣ್ಣೆ ಮತ್ತು ಉಪ್ಪು ಅಧಿಕ, ನಾರಿನಂಶ ಕಡಿಮೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲವು ಕಪ್‌ಗಳಲ್ಲಿ ಈ ಮಿತಿಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಉಪ್ಪಿರುತ್ತದೆ. ಉಪ್ಪಿನ ಗಣನೀಯ ಭಾಗ ಸಾರಿನಲ್ಲಿರುವುದರಿಂದ, ಸಾರನ್ನು ಪೂರ್ತಿ ಕುಡಿಯದೆ ಬಿಟ್ಟರೆ ಸೇವನೆ ತಗ್ಗುತ್ತದೆ. ಕಪ್‌ಗೆ ಅಥವಾ ಎಳೆಗಳಿಗೆ ಮೇಣ ಹಚ್ಚಿರುತ್ತಾರೆಂಬ ಪ್ರಚಲಿತ ಮಾತಿಗೆ ಆಧಾರವಿಲ್ಲ. ಎಳೆಗಳು ಪರಸ್ಪರ ಅಂಟದಿರಲು ಕರಿದ ಎಣ್ಣೆಯೇ ಸಾಕಾಗುತ್ತದೆ.

ಇದರಿಂದ ಒದಗುವ ತಕ್ಷಣದ ಅಪಾಯವೆಂದರೆ ಸುಟ್ಟಗಾಯ, ವಿಶೇಷವಾಗಿ ಮಕ್ಕಳಲ್ಲಿ. ಎತ್ತರವಾಗಿದ್ದು ತಳ ಕಿರಿದಾಗಿರುವ ಕಪ್‌ಗಳು ಅಗಲ ತಳದವುಗಳಿಗಿಂತ ಸುಲಭವಾಗಿ ಉರುಳುತ್ತವೆ. ಬಿಸಿ ಎಳೆಗಳು ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಬರಿಯ ಬಿಸಿನೀರಿಗಿಂತ ಗಾಯ ಆಳವಾಗಬಹುದು. ಚಿಕ್ಕ ಮಕ್ಕಳಿಗೆ ಕಪ್ಪನ್ನೇ ಕೈಗೆ ಕೊಡದೆ, ಅಗಲವಾದ ಬಟ್ಟಲಿಗೆ ಸುರಿದು ಆರಿಸಿ ಕೊಡುವುದು ಸುರಕ್ಷಿತ. ಸುಟ್ಟಾಗ ಆ ಭಾಗವನ್ನು ಸುಮಾರು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಮಂಜುಗಡ್ಡೆ ಅಥವಾ ಟೂತ್‌ಪೇಸ್ಟ್ ಹಚ್ಚಬಾರದು. ಮೈಕ್ರೋವೇವ್‌ಗೆ ಯೋಗ್ಯವೆಂದು ಮುದ್ರಿಸದ ಕಪ್‌ಗಳನ್ನು ಅದರಲ್ಲಿ ಬಿಸಿಮಾಡಬಾರದು. ಥರ್ಮೋಕೋಲ್ ಕರಗುವ ಸಾಧ್ಯತೆಯಿದೆ ಹಾಗೂ ಲೋಹದ ಹಾಳೆಯ ಮುಚ್ಚಳದಿಂದ ಕಿಡಿ ಹಾರಬಹುದು.

ವಸ್ತುಸಂಗ್ರಹಾಲಯಗಳು

ಜಪಾನಿನ ಇಕೆಡಾ (1999) ಮತ್ತು ಯೊಕೊಹಾಮಾ (2011) ನಗರಗಳಲ್ಲಿ ಇನ್‌ಸ್ಟಂಟ್ ನೂಡಲ್ಸ್‌ಗೆ ಮೀಸಲಾದ ವಸ್ತುಸಂಗ್ರಹಾಲಯಗಳಿವೆ. ಅಲ್ಲಿ ಸಂದರ್ಶಕರು ಖಾಲಿ ಕಪ್‌ನ ಮೇಲೆ ಚಿತ್ರ ಬರೆದು, ತಮಗಿಷ್ಟವಾದ ಸಾರು ಮತ್ತು ಚೂರುಗಳನ್ನು ತುಂಬಿಸಿಕೊಂಡು ತಮ್ಮದೇ ಕಪ್ ಸಿದ್ಧಪಡಿಸಬಹುದು.