ಸಾಲದ ರಸ್ತೆ, ಸುಂಕದ ಹಾದಿ: ಮಹಾರಾಷ್ಟ್ರದ ರಸ್ತೆ ನಿಗಮ

ಬೊಕ್ಕಸದಲ್ಲಿ ಹಣವಿಲ್ಲದಾಗ ಸಾಲ ತಂದು ರಸ್ತೆ ನಿರ್ಮಿಸುವುದು, ಬಳಿಕ ವಾಹನಗಳಿಂದ ಸುಂಕ ಪಡೆದು ಸಾಲ ತೀರಿಸುವುದು. ಈ ಸೂತ್ರವನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದ ಸಂಸ್ಥೆಗಳಲ್ಲಿ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವೂ (ಎಂಎಸ್‌ಆರ್‌ಡಿಸಿ) ಒಂದು. ಸಂಪೂರ್ಣವಾಗಿ ರಾಜ್ಯ ಸರ್ಕಾರದ ಒಡೆತನದಲ್ಲಿರುವ ಈ ನಿಗಮ 1996ರಲ್ಲಿ ಸ್ಥಾಪನೆಯಾಯಿತು. ನಿತಿನ್ ಗಡ್ಕರಿ ಆಗ ರಾಜ್ಯದ ಲೋಕೋಪಯೋಗಿ ಸಚಿವರಾಗಿದ್ದರು.

ಮುಂಬೈ-ಪುಣೆ ಹೆದ್ದಾರಿ

ನಿಗಮಕ್ಕೆ ಹೆಸರು ತಂದುಕೊಟ್ಟದ್ದು ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ. ಕಳಂಬೋಲಿಯಿಂದ ಕಿವಳೆವರೆಗಿನ 94.5 ಕಿ.ಮೀ. ಉದ್ದದ, ಆರು ಪಥಗಳ ಈ ಕಾಂಕ್ರೀಟ್ ರಸ್ತೆ 2002ರಲ್ಲಿ ಪೂರ್ಣಗೊಂಡಿತು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಖಾಲಾಪುರ ಹಾಗೂ ತಳೆಗಾಂವ್‌ಗಳಲ್ಲಿ ಟೋಲ್ ನಾಕಾಗಳಿವೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮುಂಬೈಗೆ ತೆರಳುವ ಬಸ್ಸು, ಕಾರುಗಳಿಗೂ ಇದೇ ಹತ್ತಿರದ ಹಾದಿ.

ಗುತ್ತಿಗೆಯ ಲೆಕ್ಕ

2004ರಲ್ಲಿ ನಿಗಮವು 918 ಕೋಟಿ ರೂಪಾಯಿ ಮುಂಗಡ ಪಡೆದು, 15 ವರ್ಷಗಳ ಸುಂಕ ವಸೂಲಿ ಹಕ್ಕನ್ನು ಐಆರ್‌ಬಿ ಸಮೂಹದ ಸಂಸ್ಥೆಗೆ ವಹಿಸಿತು. ಆ ಅವಧಿ 2019ರ ಆಗಸ್ಟ್‌ನಲ್ಲಿ ಮುಗಿಯಿತಾದರೂ ಸುಂಕ ನಿಲ್ಲಲಿಲ್ಲ. 2020ರಲ್ಲಿ ಅದೇ ಸಮೂಹಕ್ಕೆ 8,262 ಕೋಟಿ ರೂಪಾಯಿಗೆ ಮತ್ತೆ ಗುತ್ತಿಗೆ ದೊರೆಯಿತು. ಅದರ ಅವಧಿ 2030ರವರೆಗೆ.

ಮೂರು ವರ್ಷಗಳಿಗೊಮ್ಮೆ ಶೇ. 18ರಷ್ಟು ದರ ಏರಿಸುವ ಪದ್ಧತಿಯಂತೆ, 2017ರಲ್ಲಿ 230 ರೂಪಾಯಿಯಾಗಿದ್ದ ಕಾರಿನ ಸುಂಕ 2020ರಲ್ಲಿ 270ಕ್ಕೂ, 2023ರ ಏಪ್ರಿಲ್‌ನಲ್ಲಿ 320ಕ್ಕೂ ಏರಿತು. ರಸ್ತೆಯ ವೆಚ್ಚ ವಸೂಲಾದ ಬಳಿಕವೂ ಸುಂಕವೇಕೆ ಎಂದು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದವು. ಹೂಡಿಕೆ ಪೂರ್ತಿಯಾಗಿ ಮರಳಿಲ್ಲವೆಂಬುದು ನಿಗಮದ ವಾದ.

ಇತರ ಯೋಜನೆಗಳು

ಮುಂಬೈ ನಗರದ ಹಲವಾರು ಮೇಲ್ಸೇತುವೆಗಳು, 2009ರ ಜೂನ್ 30ರಂದು ಉದ್ಘಾಟನೆಗೊಂಡ ಬಾಂದ್ರಾ-ವರ್ಲಿ ಸಮುದ್ರ ಸೇತುವೆ ನಿಗಮದ ಕಾಮಗಾರಿಗಳೇ. ನಾಗಪುರದಿಂದ ಮುಂಬೈ ಸಮೀಪಕ್ಕೆ ಬರುವ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದ ನಾಗಪುರ-ಶಿರಡಿ ಭಾಗ 2022ರ ಡಿಸೆಂಬರ್‌ನಲ್ಲಿ, ಕೊನೆಯ ಭಾಗ 2025ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆದವು.

ಮೇಲ್ಸೇತುವೆಗಳ ವೆಚ್ಚ ಭರಿಸಲು ಮುಂಬೈನ ಐದು ಪ್ರವೇಶದ್ವಾರಗಳಲ್ಲಿ ವಿಧಿಸುತ್ತಿದ್ದ ಸುಂಕದಿಂದ ಲಘು ವಾಹನಗಳಿಗೆ ವಿನಾಯಿತಿ ದೊರೆತದ್ದು 2024ರ ಅಕ್ಟೋಬರ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ. ಲಾರಿ ಮುಂತಾದ ಭಾರೀ ವಾಹನಗಳಿಗೆ ಆ ರಿಯಾಯಿತಿ ಅನ್ವಯಿಸಲಿಲ್ಲ.